ಮೋಟಾರ್ ಸೈಕಲ್ ಪ್ರವಾಸದ ಹೊರೆಯ ಲೆಕ್ಕ

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹೇರುವವನು ಸುಮ್ಮನೆ ಕಟ್ಟುಗಳನ್ನು ಒಟ್ಟುತ್ತ ಹೋಗುವುದಿಲ್ಲ. ನಡುನಡುವೆ ಮುಂದಕ್ಕೆ ಬಂದು ನೊಗವನ್ನು ಕೈಯಿಂದ ಎತ್ತಿ ನೋಡುತ್ತಾನೆ. ನೊಗ ತೀರ ಭಾರವಾಗಿದ್ದರೆ ಗಾಡಿ ಮುಂಭಾರ. ಎತ್ತಿನ ಹೆಗಲು ಹುಣ್ಣಾಗುವುದು. ನೊಗ ತಾನಾಗಿ ಮೇಲೇಳುತ್ತಿದ್ದರೆ ಗಾಡಿ ಹಿಂಭಾರ. ಏರಿನಲ್ಲಿ ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುವುದು. ಆತನು ಭೌತಶಾಸ್ತ್ರವನ್ನು ಓದಿದವನಲ್ಲ. ಆದರೂ ಹೊರೆ ಎಷ್ಟು ಎಂಬ ಪ್ರಶ್ನೆಯಷ್ಟೇ ಹೊರೆ ಎಲ್ಲಿ ಎಂಬ ಪ್ರಶ್ನೆಯೂ ಮುಖ್ಯವೆಂಬುದನ್ನು ಬಲ್ಲನು.

ಭೌತಶಾಸ್ತ್ರವನ್ನು ಓದಿ, ಅದನ್ನೇ ಕಾಲೇಜಿನಲ್ಲಿ ಬೋಧಿಸುತ್ತಿದ್ದ ನಾನು ಒಮ್ಮೆ ಇದನ್ನು ಮರೆತೆನು. ದೀಪಾವಳಿಯ ರಜೆಯಲ್ಲಿ ಆರು ದಿನಗಳ ಮೋಟಾರ್ ಸೈಕಲ್ ಪ್ರವಾಸಕ್ಕೆ ಹೊರಟಿದ್ದೆನು. ಐದನೆಯ ದಿನ ಉಡುಪಿಯಿಂದ ಹೆಬ್ರಿಯ ಮಾರ್ಗವಾಗಿ ಸೋಮೇಶ್ವರಕ್ಕೆ ಬಂದು ಆಗುಂಬೆ ಘಾಟಿಯನ್ನು ಏರತೊಡಗಿದೆ. ಈ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳುಂಟು. ಸಣ್ಣಗೆ ಮಳೆ ಹನಿಯುತ್ತಿತ್ತು. ಒಂದು ತಿರುವಿನಲ್ಲಿ ಗಾಡಿಯನ್ನು ಹೊರಳಿಸಿ, ಏರಿಗಾಗಿ ವೇಗವನ್ನು ತುಸು ಹೆಚ್ಚಿಸಿದೆ. ಮುಂದಿನ ಚಕ್ರ ನನ್ನ ಮಾತನ್ನು ಕೇಳಲಿಲ್ಲ. ಹ್ಯಾಂಡಲ್ ತಿರುಗಿತ್ತು, ಗಾಡಿ ಮಾತ್ರ ರಸ್ತೆಯ ಎದುರು ಬದಿಗೆ ಜಾರಿಕೊಂಡು ಹೋಯಿತು. ಮೇಲಿನಿಂದ ಇಳಿಯುತ್ತಿದ್ದ ಮಿನಿ ಬಸ್ಸಿನ ಚಾಲಕನು ನಿಧಾನವಾಗಿ ಬರುತ್ತಿದ್ದುದರಿಂದ ಗೇಣುದ್ದ ಅಂತರದಲ್ಲಿ ಬಸ್ಸನ್ನು ನಿಲ್ಲಿಸಿದನು. ಆತನು ನನ್ನನ್ನು ಬೈಯಲಿಲ್ಲ. ಹಿಂದೆ ಕಟ್ಟಿದ್ದ ಗಂಟನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, "ಅಷ್ಟೊಂದು ಯಾಕೆ ಮಾರಾಯ್ರೆ?" ಎಂದಷ್ಟೇ ಕೇಳಿದನು.

ಮನೆಗೆ ಮರಳಿದ ಮೇಲೆ ಆ ಗಂಟನ್ನು ನಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಸರಿಯಾಗಿ ೪೦ ಕಿಲೊಗ್ರಾಂ. "ಮೇಷ್ಟ್ರೇ, ದಾರೀಲಿ ಅಂಗಡಿ ಇಡೋಕೆ ಹೊರಟಿದ್ರಾ?" ಎಂದರು ಅಂಗಡಿಯವರು. ಗುಡಾರ, ಒಲೆ, ಪಾತ್ರೆ, ಆರು ಜೊತೆ ಬಟ್ಟೆ, ನಾಲ್ಕು ದಪ್ಪ ಪುಸ್ತಕ, ಎರಡನೆಯ ಜೊತೆ ಬೂಟು—ಇವುಗಳಲ್ಲಿ ಆರು ದಿನವೂ ಕಟ್ಟು ಬಿಚ್ಚದೆ ಉಳಿದವುಗಳ ತೂಕವೇ ೧೯ ಕಿಲೊಗ್ರಾಂ! ಈ ೪೦ ಕಿಲೊಗ್ರಾಂ ಹೊರೆ ನನ್ನ ಗಾಡಿಗೆ ಏನು ಮಾಡಿತು ಎಂಬುದನ್ನು ಈಗ ಲೆಕ್ಕ ಹಾಕಿ ನೋಡೋಣ.

ನಷ್ಟ ಪೆಟ್ರೋಲಿನದೇ?

ಹೊರೆ ಹೆಚ್ಚಿದರೆ ಪೆಟ್ರೋಲು ಹೆಚ್ಚು ಖರ್ಚಾಗುವುದೆಂದು ಎಲ್ಲರೂ ಮೊದಲು ಹೇಳುವುದುಂಟು. ಇದು ಎಷ್ಟರಮಟ್ಟಿಗೆ ನಿಜ? ಘಾಟಿಯ ಏರನ್ನು ೫೦೦ ಮೀಟರ್ ಎಂದು ಇಟ್ಟುಕೊಳ್ಳೋಣ. ೪೦ ಕಿಲೊಗ್ರಾಂ ವಸ್ತುವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ೪೦ × ೯.೮ × ೫೦೦, ಎಂದರೆ ೧,೯೬,೦೦೦ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಜೂಲ್ ಶಕ್ತಿ ಅಡಗಿರುವುದು. ಎಂಜಿನ್ನು ಅದರ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುವುದೆಂದು ಎಣಿಸಿದರೂ, ನಮ್ಮ ಹೊರೆಗೆ ಖರ್ಚಾಗುವ ಪೆಟ್ರೋಲು ಸುಮಾರು ೨೫ ಮಿಲಿಲೀಟರ್. ಐದು ಟೀ ಚಮಚ!

ಆದುದರಿಂದ, ಹಗುರವಾಗಿ ಹೊರಡಿರೆಂಬ ಉಪದೇಶಕ್ಕೆ ಪೆಟ್ರೋಲಿನ ಉಳಿತಾಯವು ಮುಖ್ಯ ಕಾರಣವಾಗಲಾರದು. ನಿಜವಾದ ಕಾರಣ ಚಕ್ರಗಳ ಬಳಿ ಇದೆ.

ನಲವತ್ತನ್ನು ಹೇರಿದರೆ ಐವತ್ತು

ನನ್ನ ಗಾಡಿಯ ತೂಕ ೧೮೦ ಕಿಲೊಗ್ರಾಂ, ನನ್ನದು ೭೦, ಒಟ್ಟು ೨೫೦. ಎರಡು ಚಕ್ರಗಳ ಅಚ್ಚುಗಳ ನಡುವಿನ ದೂರ ೧೪೦ ಸೆಂಟಿಮೀಟರ್. ಗಾಡಿ ಮತ್ತು ಸವಾರ ಇಬ್ಬರಿಗೂ ಸೇರಿದ ಗುರುತ್ವಕೇಂದ್ರವು ಹಿಂದಿನ ಅಚ್ಚಿನಿಂದ ೬೩ ಸೆಂಟಿಮೀಟರ್ ಮುಂದಕ್ಕೆ ಇದೆ ಎಂದು ಭಾವಿಸೋಣ. ಶಾಲೆಯಲ್ಲಿ ಕಲಿತ ಸನ್ನೆಯ ನಿಯಮದಂತೆ ಮುಂದಿನ ಚಕ್ರದ ಪಾಲಿಗೆ ಬರುವ ಭಾರ ೨೫೦ × ೬೩ ÷ ೧೪೦, ಅಂದರೆ ೧೧೨.೫ ಕಿಲೊಗ್ರಾಂ. ಉಳಿದ ೧೩೭.೫ ಹಿಂದಿನ ಚಕ್ರದ್ದು.

ಈಗ ೪೦ ಕಿಲೊಗ್ರಾಂ ಗಂಟನ್ನು ಕ್ಯಾರಿಯರಿನ ಮೇಲೆ, ಹಿಂದಿನ ಅಚ್ಚಿಗಿಂತ ೩೫ ಸೆಂಟಿಮೀಟರ್ ಹಿಂದಕ್ಕೆ ಕಟ್ಟೋಣ. ಹಿಂದಿನ ಅಚ್ಚು ಸನ್ನೆಯ ಆಧಾರಬಿಂದುವಾಗುವುದು. ಗಂಟು ಕೆಳಕ್ಕೆ ಒತ್ತಿದಂತೆ ಗಾಡಿಯ ಮುಂಭಾಗ ಮೇಲೇಳಲು ಹವಣಿಸುವುದು. ಮುಂದಿನ ಚಕ್ರವು ಕಳೆದುಕೊಳ್ಳುವ ಭಾರ ೪೦ × ೩೫ ÷ ೧೪೦, ಅಂದರೆ ೧೦ ಕಿಲೊಗ್ರಾಂ. ಗಾಡಿಯ ಮೇಲೆ ೪೦ ಕಿಲೊಗ್ರಾಂ ಹೇರಿದೆವು. ಮುಂದಿನ ಚಕ್ರದ ಭಾರ ೧೦೨.೫ಕ್ಕೆ ಇಳಿಯಿತು, ಹಿಂದಿನದು ೧೮೭.೫ಕ್ಕೆ ಏರಿತು. ನಲವತ್ತನ್ನು ಹೇರಿದರೆ ಹಿಂದಿನ ಚಕ್ರ ಹೊತ್ತದ್ದು ಐವತ್ತು! ಇದೇ ನಮ್ಮ ಹಿಂಭಾರದ ಗಾಡಿ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಒಂದು ಆಕ್ಷೇಪವನ್ನು ಎತ್ತಬಹುದು: "ಮುಂದಿನ ಚಕ್ರದ ಭಾರ ಕಡಿಮೆಯಾದರೆ ಅದು ನೆಲವನ್ನು ಹಿಡಿಯುವ ಬಲ ಕಡಿಮೆಯಾಗುವುದು ನಿಜ. ಆದರೆ ಗುರುತ್ವಕೇಂದ್ರವೇ ಹಿಂದಕ್ಕೆ ಸರಿದಿರುವುದರಿಂದ, ತಿರುವಿನಲ್ಲಿ ಆ ಚಕ್ರ ಒದಗಿಸಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಲ್ಲವೇ?" ಸಮತಟ್ಟಾದ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಸಾಗುವಾಗ ಈ ಮಾತು ಸರಿ. ಘಾಟಿಯಲ್ಲಿ ಸರಿಯಲ್ಲ.

ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ರಸ್ತೆಯನ್ನು ತೆಗೆದುಕೊಳ್ಳಿ. ಏರಿನಲ್ಲಿ ಭಾರವು ಹಿಂದಕ್ಕೆ ವಾಲುವುದು. ಎಷ್ಟು ವಾಲುವುದೆಂಬುದು ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಹೊರೆಯಿಲ್ಲದಾಗ ಅದು ನೆಲದಿಂದ ೬೫ ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಎತ್ತರದಲ್ಲಿ ಕಟ್ಟಿದ ಗಂಟಿನಿಂದ ಸುಮಾರು ೭೦ಕ್ಕೆ ಏರುವುದು. ಈ ಏರಿನಿಂದಲೇ ಮುಂದಿನ ಚಕ್ರವು ಹೊರೆಯಿಲ್ಲದಾಗ ೧೧.೬ ಕಿಲೊಗ್ರಾಂ, ಹೊರೆಯಿದ್ದಾಗ ೧೪.೫ ಕಿಲೊಗ್ರಾಂ ಭಾರವನ್ನು ಕಳೆದುಕೊಳ್ಳುವುದು. ಜೊತೆಗೆ ಸವಾರನು ಪ್ರತಿ ಸೆಕೆಂಡಿಗೂ ಗಂಟೆಗೆ ಮೂರೂವರೆ ಕಿಲೊಮೀಟರಿನಂತೆ ವೇಗವನ್ನು ಹೆಚ್ಚಿಸಿದನೆನ್ನಿ. ಇನ್ನೂ ಅಷ್ಟೇ ಭಾರ ಹಿಂದಕ್ಕೆ ಸರಿಯುವುದು. ಒಟ್ಟಿನಲ್ಲಿ ಹೊರೆಯಿಲ್ಲದ ಗಾಡಿಯ ಮುಂದಿನ ಚಕ್ರವು ತನ್ನ ಭಾರದ ಐದರಲ್ಲೊಂದು ಪಾಲನ್ನು ಕಳೆದುಕೊಂಡರೆ, ಹಿಂಭಾರದ ಗಾಡಿಯ ಚಕ್ರವು ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುವುದು. ಆದರೆ ತಿರುವು ಕೇಳುವ ಬಲ ಮಾತ್ರ ಹೀಗೆ ಕಡಿಮೆಯಾಗುವುದಿಲ್ಲ. ಒಣ ರಸ್ತೆಯಲ್ಲಿ ಇದು ಗಮನಕ್ಕೆ ಬಾರದೆ ಹೋಗಬಹುದು. ಒದ್ದೆ ರಸ್ತೆಯಲ್ಲಿ ಘರ್ಷಣೆ ಮೊದಲೇ ಕಡಿಮೆ. ಉಳಿದಿದ್ದ ಆ ಸ್ವಲ್ಪ ಅಂತರವನ್ನು ನನ್ನ ಗಂಟು ತಿಂದುಹಾಕಿತ್ತು.

ದೂರದ ವರ್ಗ

ಇನ್ನೊಂದು ದೋಷವೂ ಉಂಟು. ತಿರುವಿನಲ್ಲಿ ಗಾಡಿ ತನ್ನ ಗುರುತ್ವಕೇಂದ್ರದ ಸುತ್ತಲೂ ಹೊರಳಬೇಕು. ಈ ಹೊರಳುವಿಕೆಗೆ ವಸ್ತುವೊಂದು ಒಡ್ಡುವ ಜಡತ್ವವು ಅದರ ದ್ರವ್ಯರಾಶಿಯನ್ನೂ, ಕೇಂದ್ರದಿಂದ ಅದಕ್ಕಿರುವ ದೂರದ ವರ್ಗವನ್ನೂ ಅವಲಂಬಿಸಿರುವುದು. ೧೦ ಕಿಲೊಗ್ರಾಂ ಚೀಲವನ್ನು ಕೇಂದ್ರದಿಂದ ೨೦ ಸೆಂಟಿಮೀಟರ್ ದೂರದಲ್ಲಿಡುವ ಬದಲು ೮೦ ಸೆಂಟಿಮೀಟರ್ ದೂರದಲ್ಲಿಟ್ಟರೆ ದೂರ ನಾಲ್ಕು ಮಡಿಯಾಗುವುದು. ಜಡತ್ವ ಹದಿನಾರು ಮಡಿಯಾಗುವುದು. ಗಾಡಿ ತಿರುಗಲು ತಡಮಾಡುವುದು. ತಿರುಗತೊಡಗಿದ ಮೇಲೆ ನೇರವಾಗಲೂ ತಡಮಾಡುವುದು. ಹೆಚ್ಚಿನ ವೇಗದಲ್ಲಿ ಹಿಂಭಾಗವು ಅತ್ತಿತ್ತ ತುಯ್ದಾಡುವ ಅಪಾಯವೂ ಇದೆ.

ಹಿಂದೆ ಬಂಜಾರ ವ್ಯಾಪಾರಿಗಳು ಉಪ್ಪು, ದವಸಗಳನ್ನು ಹೇರೆತ್ತುಗಳ ಮೇಲೆ ದೂರದೂರಕ್ಕೆ ಸಾಗಿಸುತ್ತಿದ್ದರು. ಹೇರನ್ನು ಎರಡು ಸಮಭಾಗ ಮಾಡಿ ಎತ್ತಿನ ಬೆನ್ನಿನ ಎರಡು ಪಕ್ಕಗಳಿಗೂ ಇಳಿಬಿಡುತ್ತಿದ್ದರೇ ವಿನಾ, ಬಾಲದ ಮೇಲೆ ಯಾರೂ ಕಟ್ಟಲಿಲ್ಲ. ಮೋಟಾರ್ ಸೈಕಲ್ಲಿಗೂ ಇದೇ ಪಾಠ. ಎರಡು ಪಕ್ಕಚೀಲಗಳು ಸಮತೂಕದಲ್ಲಿರಲಿ. ಆದಷ್ಟು ಕೆಳಗೆ, ಆದಷ್ಟು ಮುಂದೆ ಇರಲಿ. ಸ್ಪ್ಯಾನರು ಮೊದಲಾದ ಕಬ್ಬಿಣದ ಸಾಮಾನು ಚೀಲದ ತಳದಲ್ಲಿ, ಸವಾರನ ಕಡೆಗೆ ಇರಲಿ. ಕ್ಯಾರಿಯರಿನ ಮೇಲೆ ಏನಾದರೂ ಇಡಲೇಬೇಕಾದರೆ ಮಳೆಯಂಗಿಯಂತಹ ಹಗುರ ವಸ್ತುವನ್ನು ಇಡಿರಿ.

ಯಾವುದನ್ನು ಬಿಡಬೇಕು?

ಬಟ್ಟೆಯಿಂದ ಆರಂಭಿಸೋಣ. ಪ್ರವಾಸ ಆರು ದಿನದ್ದೇ ಆಗಲಿ, ಹದಿನೈದು ದಿನದ್ದೇ ಆಗಲಿ, ಮೂರು ಜೊತೆ ಸಾಕು: ಮೈಮೇಲೊಂದು, ಒಗೆದು ಹರವಿದ್ದೊಂದು, ಒಣಗಿದ್ದೊಂದು. ಈ ಸೂತ್ರ ಫಲಿಸಬೇಕಾದರೆ ಬಟ್ಟೆ ರಾತ್ರಿಯೊಂದರಲ್ಲಿ ಒಣಗಬೇಕು. ಹತ್ತಿಯ ನೂಲು ನೀರನ್ನು ತನ್ನೊಳಗೇ ಹೀರಿಕೊಳ್ಳುವುದು; ಪಾಲಿಯೆಸ್ಟರ್ ನೂಲು ಬಹು ಸ್ವಲ್ಪ ಮಾತ್ರ ಹೀರುವುದು. ದಪ್ಪ ಹತ್ತಿಯ ಷರಾಯಿಯೊಂದು ಅರ್ಧ ಲೀಟರ್ ನೀರನ್ನು ಹಿಡಿದುಕೊಂಡಿದೆ ಎನ್ನೋಣ. ಅದನ್ನು ಆವಿಯಾಗಿಸಲು ಸುಮಾರು ಹನ್ನೆರಡು ಲಕ್ಷ ಜೂಲ್ ಗುಪ್ತೋಷ್ಣ ಬೇಕು. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹವು ಸೆಕೆಂಡಿಗೆ ಸುಮಾರು ೧೦೦ ಜೂಲ್ ಉಷ್ಣವನ್ನು ಹೊರಸೂಸುವುದು. ಒದ್ದೆ ಬಟ್ಟೆಯನ್ನು ಮೈಮೇಲೆಯೇ ಒಣಗಿಸಿಕೊಂಡರೆ, ಮತ್ತು ಆ ಉಷ್ಣವೆಲ್ಲ ಮೈಯಿಂದಲೇ ಹೋಗುವುದಾದರೆ, ಮೂರು ಗಂಟೆಗೂ ಮಿಕ್ಕಿ ದೇಹವು ಉತ್ಪಾದಿಸುವ ಉಷ್ಣವೆಲ್ಲ ಆ ಷರಾಯಿಗೇ ಸಲ್ಲಬೇಕಾಗುವುದು. ಮಲೆನಾಡಿನ ಮಳೆಯಲ್ಲಿ ಸವಾರನು ನಡುಗುವುದೇಕೆಂಬುದು ಇದರಿಂದ ತಿಳಿದೀತು.

ಚಳಿಗೆ ದಪ್ಪ ಅಂಗಿಯೊಂದಕ್ಕಿಂತ ತೆಳುವಾದ ಎರಡು ಅಂಗಿಗಳೂ, ಅವುಗಳ ಮೇಲೆ ಗಾಳಿಯನ್ನು ತಡೆಯುವ ಹೊದಿಕೆಯೊಂದೂ ಲೇಸು. ಚಳಿಯನ್ನು ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಬಿದ್ದ ನಿಶ್ಚಲವಾದ ಗಾಳಿ. ಆ ಗಾಳಿಗೆ ತೂಕವೂ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಇಲ್ಲ. ಮಳೆಯಂಗಿಯೇ ಆ ಹೊದಿಕೆಯಾಗಬಲ್ಲದು. ಹೀಗೆ ಒಂದೇ ವಸ್ತು ಎರಡು ಕೆಲಸ ಮಾಡಿದರೆ ಹೊರೆ ತಾನಾಗಿ ಇಳಿಯುವುದು.

ನಾನು ಈಗ ಕೊಂಡೊಯ್ಯುವುದು ಇಷ್ಟು: ಬಟ್ಟೆ ೨.೫ ಕಿಲೊಗ್ರಾಂ, ಮಳೆಯಂಗಿ ೧.೫, ಪಂಕ್ಚರಿನ ಸಾಮಾನು ಮತ್ತು ಉಪಕರಣಗಳು ೩, ನೀರು ೨, ಕಾಗದಪತ್ರ ಹಾಗೂ ಮೊಬೈಲಿನ ಸಾಮಾನು ೧, ಟವೆಲು ಸಾಬೂನುಗಳು ೧, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತಿಂಡಿ, ಚಪ್ಪಲಿ ತಲಾ ಅರ್ಧ, ಚೀಲಗಳ ಸ್ವಂತ ತೂಕ ೧.೫. ಒಟ್ಟು ೧೪ ಕಿಲೊಗ್ರಾಂ. ಇದರ ಗುರುತ್ವಕೇಂದ್ರವು ಹಿಂದಿನ ಅಚ್ಚಿಗಿಂತ ೧೦ ಸೆಂಟಿಮೀಟರ್ ಮುಂದೆ ಇರುವಂತೆ ಪಕ್ಕಚೀಲಗಳನ್ನು ಕಟ್ಟಿದರೆ, ಮುಂದಿನ ಚಕ್ರವು ಭಾರವನ್ನು ಕಳೆದುಕೊಳ್ಳುವ ಬದಲು ಒಂದು ಕಿಲೊಗ್ರಾಂ ಗಳಿಸುವುದು!

ಒಂದು ಎಚ್ಚರಿಕೆಯ ಮಾತು. ಹೆಲ್ಮೆಟ್, ಕೈಗವಸು, ಗಟ್ಟಿಯಾದ ಬೂಟು, ಸವಾರಿಯ ಅಂಗಿ—ಇವು ಹೊರೆಯಲ್ಲ. ಹಗುರವಾಗಬೇಕೆಂಬ ನೆಪದಿಂದ ಇವುಗಳಲ್ಲಿ ಒಂದನ್ನೂ ಬಿಡಕೂಡದು. ಗಾಡಿಯ ಕೈಪಿಡಿಯಲ್ಲಿ ಗರಿಷ್ಠ ಹೊರೆಯ ಮಿತಿಯನ್ನು ಕೊಟ್ಟಿರುವುದುಂಟು. ಆ ಮಿತಿಯೊಳಗೆ ಸವಾರನೂ ಹಿಂದೆ ಕುಳಿತವನೂ ಸೇರುತ್ತಾರೆ ಎಂಬುದನ್ನು ಮರೆಯಬೇಡಿ. ಹೊರೆ ಹೇರಿದಾಗ ಟೈರಿನ ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನೂ ಅಲ್ಲಿಯೇ ನೋಡಿ, ಟೈರು ತಣ್ಣಗಿರುವಾಗ ಅಳೆಯಿರಿ.

ಇಳಿಜಾರಿನಲ್ಲಿ

ಏರಿದ ಗಾಡಿ ಇಳಿಯಲೇಬೇಕು. ೨೯೦ ಕಿಲೊಗ್ರಾಂ ಭಾರವು ೫೦೦ ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಹದಿನಾಲ್ಕು ಲಕ್ಷ ಜೂಲ್. ನಾಲ್ಕೂವರೆ ಲೀಟರ್ ನೀರನ್ನು ಕೋಣೆಯ ಉಷ್ಣತೆಯಿಂದ ಕುದಿಯುವವರೆಗೆ ಕಾಯಿಸಬಲ್ಲಷ್ಟು! ಸವಾರನು ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಇದರ ಬಹುಪಾಲು ಬ್ರೇಕುಗಳನ್ನು ಕಾಯಿಸುವುದು. ಕಾದ ಬ್ರೇಕಿನ ಹಿಡಿತ ಸಡಿಲವಾಗುವುದು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ಈ ಶಕ್ತಿಯ ದೊಡ್ಡ ಭಾಗವನ್ನು ಹೀರಿಕೊಳ್ಳುವುದು. ಹೊರೆ ಕಡಿಮೆಯಾದಷ್ಟೂ ಇಬ್ಬರಿಗೂ ಕೆಲಸ ಕಡಿಮೆ.

ನೀವೇ ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಮೋಟಾರ್ ಸೈಕಲ್ ಬೇಕಿಲ್ಲ. ಸಾಮಾನ್ಯ ಸೈಕಲ್ಲಿನ ಮುಂದಿನ ಚಕ್ರವನ್ನು ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ನಿಲ್ಲಿಸಿ. ಹಿಂದಿನ ಚಕ್ರದ ಅಡಿಯಲ್ಲಿ ಅಷ್ಟೇ ಎತ್ತರದ ಹಲಗೆ ಇರಲಿ. ಸೈಕಲ್ಲು ಬೀಳದಂತೆ ಗೆಳೆಯನೊಬ್ಬನು ಪಕ್ಕದಿಂದ ಹಗುರವಾಗಿ ಹಿಡಿದಿರಲಿ. ತೂಕವನ್ನು ಬರೆದುಕೊಂಡು, ೧೦ ಕಿಲೊಗ್ರಾಂ ಅಕ್ಕಿಯ ಚೀಲವನ್ನು ಕ್ಯಾರಿಯರಿನ ಮೇಲಿಡಿ. ಚೀಲವನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿದಾಗಲೆಲ್ಲ ತೂಕವನ್ನು ಬರೆದುಕೊಳ್ಳಿ. ಚೀಲ ಅಚ್ಚನ್ನು ದಾಟಿ ಹಿಂದಕ್ಕೆ ಹೋದೊಡನೆ, ಹತ್ತು ಕಿಲೊ ಹೇರಿದ ಸೈಕಲ್ಲಿನ ಮುಂದಿನ ಚಕ್ರವು ಖಾಲಿ ಸೈಕಲ್ಲಿನದಕ್ಕಿಂತ ಕಡಿಮೆ ತೂಗುವುದನ್ನು ಕಾಣುವಿರಿ. ದೂರವನ್ನೂ ತೂಕವನ್ನೂ ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಒಂದು ಸರಳರೇಖೆಯ ಮೇಲೆ ಕೂಡುವುವು.

ಮರುವರ್ಷ ಅದೇ ಘಾಟಿಯನ್ನು ೧೪ ಕಿಲೊಗ್ರಾಂ ಹೊರೆಯೊಡನೆ ಏರಿದೆನು. ಅಂದೂ ಮಳೆ ಹನಿಯುತ್ತಿತ್ತು. ಹದಿನಾಲ್ಕು ತಿರುವುಗಳಲ್ಲಿಯೂ ಮುಂದಿನ ಚಕ್ರ ಹೇಳಿದಂತೆ ಕೇಳಿತು. ಮೇಲೆ ತಲುಪಿ ಚಹಾ ಕುಡಿಯುವಾಗ ಆ ಬಸ್ಸಿನ ಚಾಲಕನ ಪ್ರಶ್ನೆ ನೆನಪಾಯಿತು. ಅಂದು ಆತನಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ, ಪ್ರತಿಯೊಂದು ವಸ್ತುವನ್ನೂ ಚೀಲಕ್ಕೆ ಹಾಕುವ ಮುನ್ನ ಕೈಯಲ್ಲಿ ಹಿಡಿದು ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ.