ಕಣ್ಣು ತಟ್ಟೆಯ ಮೇಲಿರಲಿ

ಸುರಪುರದ ಬೇಡ ನಾಯಕರ ನಾಡಿನವರಿಗೆ ಗುರಿ ಹೊಸದಲ್ಲ. ಆದರೆ ನಿಂತ ಗುರಿಗೆ ಪಳಗಿದ ಕೈ ಹಾರುವ ಮಣ್ಣಿನ ತಟ್ಟೆಯ ಮುಂದೆ ತಡವರಿಸುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಇಂಥ ತಟ್ಟೆಗಳನ್ನು ಒಡೆದೇ. ಅಗಲ ಬರೀ 110 ಮಿಲಿಮೀಟರ್! ತಟ್ಟೆ ಕಂಡಲ್ಲಿಗೇ ಹೊಡೆದರೆ ಚರೆ ಹಿಂದೆ ಬೀಳುತ್ತದೆ. ಅದು ಹೋಗುವ ದಾರಿಯಲ್ಲಿ ತುಸು ಮುಂದಕ್ಕೆ ಹೊಡೆಯಿರಿ. ಟ್ರಿಗರ್ ಒತ್ತಿದ ಮೇಲೂ ನಳಿಗೆ ತಿರುಗುತ್ತಲೇ ಇರಲಿ.

ಮೊದಲು ನಿಮ್ಮ ಮುಖ್ಯ ಕಣ್ಣು ಯಾವುದೆಂದು ತಿಳಿಯಿರಿ. ಶಹಾಪುರದವರಾದರೆ ಮಲಗಿದ ಬುದ್ಧನ ಬೆಟ್ಟವನ್ನೇ ನೋಡಿ. ಕೈ ಚಾಚಿ, ಎರಡೂ ಅಂಗೈ ಕೂಡಿಸಿ, ನಡುವಿನ ಸಣ್ಣ ಕಿಂಡಿಯಲ್ಲಿ ಬುದ್ಧನ ಮೂಗು ಹಿಡಿಯಿರಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಮೂಗು ಕಿಂಡಿಯಲ್ಲೇ ಉಳಿಯುತ್ತದೋ ಆ ಕಡೆಯ ಹೆಗಲಿಗೆ ಬಂದೂಕು ಬರಲಿ. ಹೊಡೆಯುವಾಗ ಎರಡೂ ಕಣ್ಣು ತೆರೆದಿರಲಿ, ನೋಟ ನಳಿಗೆಯ ತುದಿಗೆ ಜಾರದಿರಲಿ.

ಲೈಸೆನ್ಸ್ ಇಲ್ಲದ ನಾಡಬಂದೂಕನ್ನು ದಯವಿಟ್ಟು ಮುಟ್ಟಬೇಡಿ. ತೋಟಾ ದುಬಾರಿ, ಆದರೆ ಅರ್ಧ ಅಭ್ಯಾಸಕ್ಕೆ ತೋಟಾ ಬೇಕಾಗಿಲ್ಲ. ಬಂದೂಕು ಖಾಲಿಯೆಂದು ಎರಡು ಸಲ ನೋಡಿ, ಯಾರೂ ಇಲ್ಲದ ಕಡೆ ತಿರುಗಿಸಿ, ಅದರ ಹಿಡಿ ಪ್ರತಿ ಸಲವೂ ಕೆನ್ನೆಯ ಅದೇ ಜಾಗಕ್ಕೆ ಕೂರುವವರೆಗೆ ಎತ್ತಿ ಇಳಿಸುತ್ತಿರಿ.