ಬನ್ನಿಯೋ, ಆಪಟೆಯೋ?

ದಸರೆಯಂದು ಬಂಗಾರವೆಂದು ಹಂಚುವ ಎಲೆ ಕನ್ನಡದ ರೂಢಿಯಲ್ಲಿ ಬನ್ನಿ, ಮರಾಠಿಯ ರೂಢಿಯಲ್ಲಿ ಆಪಟೆ. ಎರಡೂ ಮಾತುಗಳು ಬೆರೆತ ಮಂದ್ರೂಪದಂಥ ಊರಿನಲ್ಲಿ ಜನಪದ ಗೀತೆಯ ‘ಬನ್ನಿ’ಗೆ ‘ಆಪಟೆ’ ಎಂದು ಅರ್ಥ ಬರೆದರೆ ಮರವೇ ಬದಲಾಗಿಬಿಡುತ್ತದೆ.

ಎಲೆ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಆಪಟೆಯ ಎಲೆ ದನದ ಗೊರಸಿನಂತೆ ಇಬ್ಭಾಗ. ಬನ್ನಿಯದು ಮುಳ್ಳುಕೊಂಬೆ, ಸಣ್ಣ ಎಲೆದಳಗಳು. ಆದರೆ ಜಾಲಿಯೂ ಹಾಗೆಯೇ ಕಾಣುವುದುಂಟು. ಅಲ್ಲಿ ಹೂವಿಗಾಗಿ ಕಾಯಬೇಕು: ಜಾಲಿಯ ಹಳದಿ ಹೂ ದುಂಡುಚೆಂಡು, ಬನ್ನಿಯದು ನೀಳ ತೆನೆ. (ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯದೂ ತೆನೆಯೇ ಎಂಬುದು ಇನ್ನೊಂದು ತೊಡಕು.)

ಗ್ರಂಥಗಳ ಪೈಕಿ ಕಿಟೆಲರ 1894ರ ನಿಘಂಟು ಅನೇಕ ಗಿಡಮರಗಳಿಗೆ ಸಸ್ಯಶಾಸ್ತ್ರದ ಹೆಸರನ್ನೂ ಕೊಡುತ್ತದೆ. ಆ ಹೆಸರನ್ನು ಹಿಡಿದು ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತ್ಯದ ಸಸ್ಯಸಂಪುಟಗಳಿಗೆ (1901–08) ಹೋಗಬೇಕು. ಸೋಲಾಪುರ ಆಗ ಆ ಪ್ರಾಂತ್ಯದಲ್ಲಿಯೇ ಇತ್ತು. ಹಳೆಯ ಗ್ರಂಥಗಳ ಪ್ರೊಸೊಪಿಸ್ ಸ್ಪೈಸಿಜೆರಾ ಇಂದು ಪ್ರೊಸೊಪಿಸ್ ಸಿನೆರೇರಿಯಾ ಎಂಬುದು ನೆನಪಿರಲಿ.

ಕೆಲವೆಡೆ ‘ಬನ್ನಿ’ ಎಂಬ ಹೆಸರು ಅಕೇಸಿಯಾ ಫೆರುಜಿನಿಯಾ ಎಂಬ ಬೇರೊಂದು ಮುಳ್ಳುಮರಕ್ಕೂ ಸಲ್ಲುತ್ತದೆ. ಆದುದರಿಂದ ಹೆಸರು ಹೇಳಿದವರ ಊರು, ಮನೆಮಾತುಗಳನ್ನು ಬರೆದಿಡಬೇಕು. ಸಂದೇಹ ಉಳಿದರೆ ಹೂಕಾಯಿ ಸಹಿತ ಒಣಗಿಸಿದ ರೆಂಬೆಯನ್ನು ಪುಣೆಯ ಭಾರತೀಯ ಸಸ್ಯ ಸರ್ವೇಕ್ಷಣಾ ಕೇಂದ್ರದ ಮಾದರಿಗಳೊಡನೆ ಹೋಲಿಸಿ ನೋಡಬೇಕು.