ಡ್ರೈವ್ ಟ್ರಿಪ್ ಆಯಿತೇ? ರೀಸೆಟ್‌ಗೆ ಮೊದಲು ಒಂಬತ್ತು ಸೂತ್ರಗಳು

ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋಗುವವರಿಗೆ ನಗರಕ್ಕೂ ಮೊದಲು ಸಿಗುವುದು ಶಂಶಾಬಾದ್. 2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನಗರದ ಕಡೆಗೆ ಸಾಗಿದರೆ ಕಾಟೇದಾನ್ ಕೈಗಾರಿಕಾ ಪ್ರದೇಶ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿ ಬರುವ ಐಟಿಐ ಹುಡುಗರಿಗೆ ಇಂಥ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಬೇಗ ಎದುರಾಗುವ ಯಂತ್ರವೆಂದರೆ ಮೋಟಾರಿನ ವೇಗ ಬದಲಿಸುವ ಡ್ರೈವ್ (ವಿಎಫ್‌ಡಿ) ಜೋಡಿಸಿದ ಹಳೆಯ ಲೇಥ್. ಅದು ನಿಂತರೆ ಎಲ್ಲರ ಕೈ ಮೊದಲು ಹೋಗುವುದು ರೀಸೆಟ್ ಬಟನ್‌ಗೆ. ಆದರೆ ಡ್ರೈವ್ ಟ್ರಿಪ್ ಆಗುವುದು ತನ್ನನ್ನೂ ಮೋಟಾರನ್ನೂ ಉಳಿಸಿಕೊಳ್ಳಲು. ಕಾರಣ ತಿಳಿಯದೆ ಮತ್ತೆ ಮತ್ತೆ ರೀಸೆಟ್ ಒತ್ತಿದರೆ ಆ ರಕ್ಷಣೆಯನ್ನು ನಾವೇ ಮುರಿದಂತೆ. ಕ್ರಮವಾಗಿ ಹುಡುಕಿ, ದೋಷ ಸಿಕ್ಕೇ ಸಿಗುತ್ತದೆ.

1. ಮೊದಲು ಜೀವ, ಆಮೇಲೆ ಯಂತ್ರ
ಮೇನ್ ಸ್ವಿಚ್ ತೆಗೆದ ಮಾತ್ರಕ್ಕೆ ಡ್ರೈವ್‌ನೊಳಗಿನ ವಿದ್ಯುತ್ ಹೋಗುವುದಿಲ್ಲ. 415 ವೋಲ್ಟ್ ಸಪ್ಲೈ ಒಳಗೆ ಡಿಸಿ ಆದಾಗ ಸುಮಾರು 587 ವೋಲ್ಟ್ ಆಗುತ್ತದೆ, ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಸ್ವಿಚ್‌ಗೆ ಬೀಗ ಹಾಕಿ. ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು, ಕನಿಷ್ಠ ಹತ್ತು ನಿಮಿಷ, ಕಾಯಿರಿ. ಡಿಸಿ ಟರ್ಮಿನಲ್‌ಗಳಲ್ಲಿ ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಎಂದು ಖಚಿತವಾದ ಮೇಲೆಯೇ ಕೈ ಹಾಕಿ. ದೀಪ ಆರಿದೆ ಎಂಬುದು ಸಾಕ್ಷಿಯಲ್ಲ.

2. ಕೋಡ್ ಜೊತೆಗೆ ಗಳಿಗೆಯನ್ನೂ ಬರೆದುಕೊಳ್ಳಿ
ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಆದರೂ ಸಾಮಾನ್ಯವಾಗಿ ಓಸಿ ಎಂದರೆ ಕರೆಂಟ್ ಹೆಚ್ಚು, ಓವಿ ಎಂದರೆ ವೋಲ್ಟೇಜ್ ಹೆಚ್ಚು, ಯುವಿ ಎಂದರೆ ವೋಲ್ಟೇಜ್ ಕಡಿಮೆ, ಓಎಲ್ ಎಂದರೆ ಲೋಡ್ ಹೆಚ್ಚು, ಓಎಚ್ ಎಂದರೆ ಬಿಸಿ ಹೆಚ್ಚು. ಸ್ಟಾರ್ಟ್ ಆಗುವಾಗ ಬಂತೇ, ಓಡುವಾಗಲೇ, ನಿಲ್ಲುವಾಗಲೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ. ಹಳೆಯ ಟ್ರಿಪ್‌ಗಳ ಪಟ್ಟಿಯೂ ಹಲವು ಡ್ರೈವ್‌ಗಳಲ್ಲಿ ಉಳಿದಿರುತ್ತದೆ, ಅದನ್ನೂ ನೋಡಿ.

3. ಮೂರೂ ಫೇಸ್ ಅಳೆಯಿರಿ
ಸಪ್ಲೈ ಬರುವ ಆರ್, ಎಸ್, ಟಿ ಟರ್ಮಿನಲ್‌ಗಳ ನಡುವೆ ಮೂರು ಅಳತೆ ತೆಗೆದುಕೊಳ್ಳಿ. ಮೆಷಿನ್ ಖಾಲಿ ಇದ್ದಾಗ ಸರಿಯಿದ್ದು, ಲೋಡ್ ಬಿದ್ದಾಗ ಒಂದು ಫೇಸ್ ಕುಸಿದರೆ ಸಡಿಲವಾದ ಲಗ್, ಸುಟ್ಟ ಕಾಂಟ್ಯಾಕ್ಟರ್ ಹುಡುಕಿ. ಬಿಚ್ಚಿದ ವೈರ್ ಮತ್ತೆ ಕಟ್ಟುವಾಗ ಎಚ್ಚರ: ಸಪ್ಲೈಯನ್ನು ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯೂಗೆ ಕೊಟ್ಟರೆ ಡ್ರೈವ್ ಅಲ್ಲಿಗೆ ಮುಗಿಯಿತು.

4. ಮೋಟಾರ್ ಬೇರೆ, ಡ್ರೈವ್ ಬೇರೆ ಮಾಡಿ
ಪವರ್ ತೆಗೆದು ಮೋಟಾರ್ ವೈರ್‌ಗಳನ್ನು ಬಿಚ್ಚಿ, ಡ್ರೈವನ್ನು ಒಂಟಿಯಾಗಿ ವಿ/ಎಫ್ ಮೋಡ್‌ನಲ್ಲಿ ಓಡಿಸಿ. ಆಗಲೂ ಓಸಿ ಬಂದರೆ ಔಟ್‌ಪುಟ್ ಮಾಡ್ಯೂಲ್ ಮೇಲೆ ಸಂಶಯ ಪಡಿ. ಬರದಿದ್ದರೆ ಕೇಬಲ್, ಮೋಟಾರ್, ಗೇರ್‌ಗಳ ಕಡೆ ತಿರುಗಿ. ಬಿಚ್ಚಿದ ಮೋಟಾರಿಗೆ 500 ವೋಲ್ಟ್ ಮೆಗ್ಗರ್ ಹಾಕಿ ಅರ್ತ್‌ಗೆ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದನ್ನು ಓಡಿಸಬೇಡಿ. ವೈರ್ ಡ್ರೈವ್‌ಗೆ ಜೋಡಿಸಿರುವಾಗ ಮೆಗ್ಗರ್ ತಿರುಗಿಸಿದರೆ ಔಟ್‌ಪುಟ್ ಮಾಡ್ಯೂಲಿನ ಐಜಿಬಿಟಿ ಹಾಳಾಗಬಹುದು.

5. ಚಕ್ ಕೈಯಲ್ಲಿ ತಿರುಗಿಸಿ ನೋಡಿ
ಬೀಗ ಹಾಕಿದ ಸ್ಥಿತಿಯಲ್ಲೇ ಗೇರ್ ನ್ಯೂಟ್ರಲ್‌ಗೆ ತಂದು ಸ್ಪಿಂಡಲ್ ತಿರುಗಿಸಿ. ಬಿಗಿಯಿದೆಯೇ? ಗರಗರ ಸದ್ದೇ? ಬೇರಿಂಗ್ ಒಣಗಿದ್ದರೆ, ಬೆಲ್ಟ್ ಅತಿಯಾಗಿ ಎಳೆದಿದ್ದರೆ, ಕಬ್ಬಿಣದ ಚೂರು ಸಿಕ್ಕಿಕೊಂಡಿದ್ದರೆ ಯಾವ ಪ್ಯಾರಾಮೀಟರೂ ಅದನ್ನು ಸರಿ ಮಾಡಲಾರದು.

6. ಭಾರಕ್ಕೆ ತಕ್ಕ ಸಮಯ ಕೊಡಿ
ಲೇಥ್‌ನಲ್ಲಿ ತುಂಬ ತಲೆ ತಿನ್ನುವುದು ವೇಗ ಏರುವಾಗ, ಇಳಿಯುವಾಗ ಬರುವ ಟ್ರಿಪ್. ಭಾರದ ಚಕ್ಕನ್ನು ಎರಡು ಸೆಕೆಂಡಿನಲ್ಲಿ ವೇಗಕ್ಕೆ ತರಲು ಹೋದರೆ ಓಸಿ ಬರುತ್ತದೆ. ಅಷ್ಟೇ ಬೇಗ ನಿಲ್ಲಿಸಲು ಹೋದರೆ ಚಕ್ಕಿನ ಓಟವೇ ಮೋಟಾರನ್ನು ಜನರೇಟರ್ ಮಾಡುತ್ತದೆ. ಆ ವಿದ್ಯುತ್ ಡ್ರೈವ್‌ಗೆ ಹಿಂದಿರುಗಿ ಡಿಸಿ ವೋಲ್ಟೇಜ್ 800ರ ಹತ್ತಿರ ಏರಿದಾಗ ಓವಿ ಬರುತ್ತದೆ. ವೇಗ ಏರುವ, ಇಳಿಯುವ ಸಮಯ ಹೆಚ್ಚಿಸಿ ನೋಡಿ. ಬೇಗ ನಿಲ್ಲಲೇಬೇಕಾದ ಕೆಲಸವಿದ್ದರೆ ಮ್ಯಾನ್ಯುಯಲ್ ಹೇಳುವ ಓಮ್ ಮತ್ತು ವ್ಯಾಟ್‌ನ ಬ್ರೇಕ್ ರೆಸಿಸ್ಟರ್ ಹಾಕಿಸಿ. ಇನ್ನೊಂದು ಮಾತು: ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂತಿದ್ದರೆ ಗಕ್ಕನೆ ಬ್ರೇಕ್ ಹಾಕಿದಾಗ ಅದು ಸಡಿಲಗೊಂಡು ಕಳಚಿಕೊಳ್ಳಬಹುದು. ಅಂಥ ಲೇಥ್‌ಗೆ ನಿಧಾನವೇ ಕ್ಷೇಮ.

7. ನೇಮ್‌ಪ್ಲೇಟ್ ಒರೆಸಿ ಓದಿ
ವೋಲ್ಟೇಜ್, ಆಂಪಿಯರ್, ಹರ್ಟ್ಜ್, ಆರ್‌ಪಿಎಂ, ನಾಲ್ಕನ್ನೂ ಇದ್ದಂತೆಯೇ ಡ್ರೈವ್‌ಗೆ ಕೊಡಿ. ಸಿಂಗಲ್ ಫೇಸ್ 230 ವೋಲ್ಟ್‌ನ ಸಾಮಾನ್ಯ ಡ್ರೈವ್ ಹೊರಗೆ ಕೊಡುವುದೂ 230 ವೋಲ್ಟೇ. 415 ವೋಲ್ಟ್‌ಗೆ ಸ್ಟಾರ್ ಕಟ್ಟಿದ ಮೋಟಾರನ್ನು ಅದಕ್ಕೆ ಹಾಗೇ ಜೋಡಿಸಿದರೆ ಬಲವಿಲ್ಲದೆ ನರಳುತ್ತದೆ. ನೇಮ್‌ಪ್ಲೇಟ್ ಒಪ್ಪಿದರೆ ಡೆಲ್ಟಾ ಮಾಡಿ.

8. ಬಿಸಿಯನ್ನೂ ಧೂಳನ್ನೂ ಹೊರಗಟ್ಟಿ
ಡ್ರೈವ್‌ನ ಪೂರ್ತಿ ಸಾಮರ್ಥ್ಯ ಸಿಗುವುದು ಸಾಮಾನ್ಯವಾಗಿ 1000 ಮೀಟರ್ ಎತ್ತರದವರೆಗೆ. ಶಂಶಾಬಾದ್ ಅದಕ್ಕಿಂತ ಕೆಳಗಿದೆ. ಎತ್ತರದ ಚಿಂತೆ ಇಲ್ಲ. ಕಾಟ ಕೊಡುವುದು ಬೇಸಿಗೆ. ಹೊರಗೆ 40 ಡಿಗ್ರಿ ದಾಟಿದ ದಿನ ಮುಚ್ಚಿದ ಪ್ಯಾನೆಲ್ ಒಳಗೆ ಇನ್ನೂ ಹೆಚ್ಚು. ಫ್ಯಾನ್ ತಿರುಗುತ್ತಿದೆಯೇ, ಹೀಟ್‌ಸಿಂಕ್ ಸಂದಿಯಲ್ಲಿ ಬೀಡು ಕಬ್ಬಿಣದ ಧೂಳು ಕೂತಿದೆಯೇ ನೋಡಿ. ಆ ಧೂಳಿನಲ್ಲಿ ವಿದ್ಯುತ್ ಹರಿಯಬಲ್ಲದು, ಅದಕ್ಕೇ ಊದಬೇಡಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ಮೋಟಾರನ್ನೂ ಮರೆಯಬೇಡಿ: 25 ಹರ್ಟ್ಜ್‌ನಲ್ಲಿ ಅದರ ಪವರ್ ಅರ್ಧ, ಅದರ ಫ್ಯಾನಿನ ವೇಗವೂ ಅರ್ಧ. ನಿಧಾನದಲ್ಲಿ ಭಾರೀ ಕಟ್ ಬೇಕಾದರೆ ಗೇರ್ ಅಥವಾ ಬೆಲ್ಟ್ ಬದಲಿಸಿ, ಡ್ರೈವನ್ನು 50ರ ಆಸುಪಾಸಿನಲ್ಲಿ ಓಡಿಸಿ.

9. ವೇಗ ಓಲಾಡಿದರೆ ಸಣ್ಣ ವೈರ್ ಹಿಡಿಯಿರಿ
ಸ್ಪಿಂಡಲ್ ತಾನಾಗಿ ಏರಿ ಇಳಿದರೆ ವೇಗ ತಿರುಗಿಸುವ ಪಾಟ್ (ಪೊಟೆನ್ಶಿಯೋಮೀಟರ್) ಸವೆದಿರಬಹುದು. ಕೀಪ್ಯಾಡ್‌ನಿಂದ ವೇಗ ಕೊಟ್ಟು ನೋಡಿ. ಸ್ಥಿರವಾಗಿ ಓಡಿದರೆ ಕಳ್ಳ ಸಿಕ್ಕಿದ. ಪಾಟ್ ಬದಲಿಸಿದ ಮೇಲೂ ಓಲಾಟ ನಿಲ್ಲದಿದ್ದರೆ ಕಂಟ್ರೋಲ್ ವೈರನ್ನು ಪವರ್ ಕೇಬಲ್‌ನಿಂದ ದೂರ ಎಳೆದು, ಶೀಲ್ಡ್ ವೈರ್ ಬಳಸಿ, ಅದರ ಶೀಲ್ಡನ್ನು ಡ್ರೈವ್ ಕಡೆಯ ಒಂದೇ ತುದಿಯಲ್ಲಿ ಅರ್ತ್ ಮಾಡಿ.

ಕೆಲಸ ಮುಗಿದ ಮೇಲೆ ತಾರೀಖು, ಕೋಡ್, ಅಳತೆ, ಬದಲಿಸಿದ ಪ್ಯಾರಾಮೀಟರಿನ ಹಳೆಯ ಮತ್ತು ಹೊಸ ಮೌಲ್ಯ, ಇಷ್ಟನ್ನು ಕನ್ನಡದಲ್ಲೇ ಪುಸ್ತಕದಲ್ಲಿ ಬರೆದು ಪ್ಯಾನೆಲ್ ಬಳಿ ಇಡಿ. ರಾತ್ರಿ ಪಾಳಿಗೆ ಬರುವ ತಮ್ಮನಿಗೆ ಅದೇ ದಾರಿ. ಡ್ರೈವ್ ಬದಲಿಸುವುದು ದುಡ್ಡಿದ್ದವರಿಗೆಲ್ಲ ಸಾಧ್ಯ. ಅದು ಯಾಕೆ ನಿಂತಿತು ಎಂದು ಅಳೆದು ಹೇಳಬಲ್ಲವನನ್ನೇ ಮಾಲೀಕ ಹೆಸರು ಹಿಡಿದು ಕರೆಸುವುದು. ಆ ವಿದ್ಯೆ ಒಂದು ಮೀಟರ್, ಒಂದು ಮೆಗ್ಗರ್ ಮತ್ತು ತಾಳ್ಮೆಯಿಂದ ಯಾರಿಗಾದರೂ ಒಲಿಯುತ್ತದೆ.